ಕುಶಾಲನಗರದಲ್ಲಿ ಎರಡು ದಿನ: ಹೊಳೆ ನೋಡ್ಕೊಂಡು ಸುತ್ತೋದು ಹೇಗೆ

ಬೆಂಗಳೂರು, ಮೈಸೂರು ಕಡೆಯಿಂದ ಕೊಡಗಿಗೆ ಬರೋರು ಹೆಚ್ಚಿನೋರು ಕುಶಾಲನಗರದಲ್ಲಿ ಕಾಫಿಗೆ ನಿಲ್ಲಿಸ್ತಾರೆ, ಪಕ್ಕದ ಬೈಲಕುಪ್ಪೆಯ ಟಿಬೆಟನ್ನರ ಗೋಲ್ಡನ್ ಟೆಂಪಲ್ ಅರ್ಧ ಗಂಟೇಲಿ ಮುಗಿಸ್ತಾರೆ, ಸೀದಾ ಮಡಿಕೇರಿ ಹತ್ತಿಬಿಡ್ತಾರೆ. ಕೇಳಿದ್ರೆ ಕುಶಾಲನಗರದಲ್ಲಿ ನೋಡೋಕೆ ಏನಿದೆ ಅಂತಾರೆ. ನನ್ನ ಪ್ರಕಾರ ಕೊಡಗಲ್ಲಿ ಕಾವೇರಿ ಹೊಳೆ ಪಕ್ಕದಲ್ಲೇ ಇದ್ದು, ಆನೆ, ಕಾಡು, ಹಳೇ ಚರಿತ್ರೆ ಎಲ್ಲಾನೂ ಹದಿನೈದು ಇಪ್ಪತ್ತು ಕಿಲೋಮೀಟರ್ ಒಳಗೇ ಸಿಗೋ ಊರು ಅಂದ್ರೆ ಇದೇ, ಎರಡು ದಿನ ಇಲ್ಲೇ ಉಳ್ಕೊಂಡು ನೋಡ್ಬೇಕು. ಆದ್ರೆ ಒಂದು ಮಾತು ಮೊದಲೇ ಹೇಳ್ತೀನಿ, ಇಲ್ಲಿ ಪ್ಲಾನ್ ಮಾಡ್ಬೇಕಾಗಿರೋದು ಜಾಗಗಳ ಲಿಸ್ಟ್ ಇಟ್ಕೊಂಡು ಅಲ್ಲ, ಹೊಳೇಲಿ ನೀರು ಎಷ್ಟಿದೆ ಅನ್ನೋದನ್ನ ನೋಡ್ಕೊಂಡು. ನೀರು ಜಾಸ್ತಿ ಇದ್ರೆ ಒಂದು ಥರ ಊರು, ಕಮ್ಮಿ ಇದ್ರೆ ಇನ್ನೊಂದು ಥರ ಊರು.

ಮೊದಲು ಹೊಳೆ ದಾರಿ ತಲೇಲಿ ಕೂರಿಸ್ಕೊಳ್ಳಿ, ಆಮೇಲೆ ಎಲ್ಲಾ ಸುಲಭ. ತಲಕಾವೇರಿ, ಭಾಗಮಂಡಲದಿಂದ ಹೊರಟ ಕಾವೇರಿ ಪೂರ್ವಕ್ಕೆ ಹರೀತಾ ಸಿದ್ದಾಪುರದ ಕಡೆಯಿಂದ ಬಂದು, ಆನೆ ಕ್ಯಾಂಪ್ ಇರೋ ದುಬಾರೆ ಹತ್ರ ಬಂದ ಮೇಲೆ ಉತ್ತರಕ್ಕೆ ತಿರುಗ್ಕೊಳ್ತಾಳೆ. ಹಾಗಾಗಿ ದುಬಾರೆ ಮೇಲ್ಗಡೆ, ಆಮೇಲೆ ಹೊಳೆ ಮಧ್ಯದ ದ್ವೀಪ ನಿಸರ್ಗಧಾಮ, ಆಮೇಲೆ ಕುಶಾಲನಗರ ಪೇಟೆ, ಕೆಳಗಡೆ ಕೂಡಿಗೆ, ಕಣಿವೆ, ಅಲ್ಲಿಂದ ಶಿರಂಗಾಲ ದಾಟಿ ಜಿಲ್ಲೆ ಬಿಟ್ಟು ಹೋಗ್ತಾಳೆ. ಪೇಟೆ ಪಕ್ಕದಲ್ಲಿ ಹೊಳೇನೇ ಗಡಿ, ಸೇತುವೆ ದಾಟಿದ್ರೆ ಕೊಪ್ಪ, ಅದು ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕು. ಹಾರಂಗಿ ಹೊಳೆ ಬಂದು ಸೇರೋದು ಕೂಡಿಗೇಲಿ, ಅಂದ್ರೆ ಪೇಟೆಗಿಂತ ಕೆಳಗೆ. ಇದು ಯಾಕೆ ಮುಖ್ಯ ಅಂದ್ರೆ, ಹಾರಂಗಿ ಡ್ಯಾಮ್ ಗೇಟ್ ತೆಗೆದ್ರು ಅಂತ ಸುದ್ದಿ ಬಂದಾಗ ಹುಷಾರಾಗಿರ್ಬೇಕಾಗಿರೋದು ಕೂಡಿಗೆ, ಕಣಿವೆ ಕಡೆ. ಭಾಗಮಂಡಲ, ತಲಕಾವೇರಿ ಕಡೆ ಭಾರೀ ಮಳೆ ಅಂತ ಸುದ್ದಿ ಬಂದ್ರೆ ಮೊದಲು ಏರೋದು ದುಬಾರೆ, ನಿಸರ್ಗಧಾಮದ ನೀರು, ಇಲ್ಲಿ ಬಿಸಿಲೇ ಇದ್ರೂ ಸರಿ. ಇಲ್ಲಿ ಮಡಿಕೇರಿಗಿಂತ ಮಳೆ ಎಷ್ಟೋ ಕಮ್ಮಿ, ಅದಕ್ಕೇ ಬರೋರಿಗೆ ಮೋಸ ಆಗುತ್ತೆ, ಆಕಾಶ ನೋಡಿ ಹೊಳೆ ಅಳೆಯೋಕೆ ಹೋಗ್ತಾರೆ.

ಯಾವಾಗ ಬರ್ಬೇಕು ಅಂತ ಕೇಳೋರಿಗೆ ನನ್ನ ಉತ್ತರ, ನಿಮಗೆ ಏನು ಬೇಕು ಅನ್ನೋದರ ಮೇಲೆ. ರಾಫ್ಟಿಂಗ್ ಬೇಕು, ತುಂಬಿದ ಹೊಳೆ ನೋಡ್ಬೇಕು ಅಂದ್ರೆ ಜೂನ್ ಕೊನೆಯಿಂದ ಸೆಪ್ಟೆಂಬರ್. ಮಕ್ಕಳು, ವಯಸ್ಸಾದೋರನ್ನ ಕರ್ಕೊಂಡು ಆರಾಮಾಗಿ ಸುತ್ತೋಕೆ ನವೆಂಬರ್‌ನಿಂದ ಫೆಬ್ರವರಿ, ಬೆಳಗ್ಗೆ ಮಂಜು ಇರುತ್ತೆ, ಮಧ್ಯಾಹ್ನ ಹಿತವಾದ ಬಿಸಿಲು. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂವಿನ ವಾಸನೆ ಸಿಗ್ಬೋದು, ಮೊದಲ ಮಳೆ ಬಿದ್ದು ಒಂದು ವಾರ ಹತ್ತು ದಿನದಲ್ಲಿ ತೋಟ ಎಲ್ಲಾ ಬೆಳ್ಳಗಾಗುತ್ತೆ, ಆದ್ರೆ ಹೊಳೆ ಮಾತ್ರ ಬಂಡೆ ಬಂಡೆ ಕಾಣೋ ಹಾಗೆ ಇಳಿದಿರುತ್ತೆ. ಆಗಸ್ಟ್ ಮೊದಲ ಎರಡು ವಾರ ಬರೋದಾದ್ರೆ ರೂಮ್ ಕ್ಯಾನ್ಸಲ್ ಮಾಡೋಕೆ ಆಗೋ ಥರ ಬುಕ್ ಮಾಡಿ. 2018, 2019ರಲ್ಲಿ ಆಗಸ್ಟ್‌ನಲ್ಲೇ ಇಲ್ಲಿ ಹೊಳೆ ದಂಡೆ ಬಡಾವಣೆಗಳಿಗೆ ನೀರು ನುಗ್ಗಿ ಮನೆಗಳು ಮುಳುಗಿದ್ವು, ಸಾಯಿ ಬಡಾವಣೆ, ಕುವೆಂಪು ಬಡಾವಣೆ ಕಡೆಯವರನ್ನ ಕೇಳಿದ್ರೆ ಇವತ್ತಿಗೂ ಆಗಸ್ಟ್ ಬಂತು ಅಂದ್ರೆ ಸರಿಯಾಗಿ ನಿದ್ದೆ ಬರಲ್ಲ ಅಂತಾರೆ.

ಬರೋದು ಹೇಗೆ ಅನ್ನೋದು ದೊಡ್ಡ ವಿಷಯ ಅಲ್ಲ. ಕೊಡಗಲ್ಲಿ ರೈಲು ಇಲ್ಲ, ಮೈಸೂರಲ್ಲಿ ಇಳಿದ್ರೆ ಅಲ್ಲಿಂದ ಸುಮಾರು 85-90 ಕಿಲೋಮೀಟರ್, ಮಡಿಕೇರಿಗೆ ಹೋಗೋ ಸರ್ಕಾರಿ ಬಸ್ಸು ಎಲ್ಲಾ ಕುಶಾಲನಗರದ ಮೇಲೇ ಹೋಗೋದು. ಉಳಿಯೋಕೆ ಪೇಟೇಲಿ ಲಾಡ್ಜ್ ಬೇಕಾದಷ್ಟಿದೆ, ಹೋಂಸ್ಟೇ ಬೇಕಾದ್ರೆ ಗುಡ್ಡೆಹೊಸೂರು, ನಂಜರಾಯಪಟ್ಟಣ ಕಡೆ ನೋಡಿ, ಆ ಕಡೆ ಉಳ್ಕೊಂಡ್ರೆ ಬೆಳಗ್ಗೆ ದುಬಾರೆಗೆ ಬೇಗ ಹೋಗ್ಬೋದು. ಹೋಂಸ್ಟೇ ರಿಜಿಸ್ಟರ್ ಆಗಿದೆಯಾ ಅಂತ ಕೇಳಿ ಬುಕ್ ಮಾಡಿ. ಸ್ವಂತ ಗಾಡಿ ಇಲ್ದಿದ್ರೆ ಒಂದು ಆಟೋ ಅರ್ಧ ದಿನಕ್ಕೆ ಮಾತಾಡ್ಕೊಳ್ಳಿ, ಎಲ್ಲೆಲ್ಲಿ ಹೋಗ್ಬೇಕು, ಎಷ್ಟು ಹೊತ್ತು ಕಾಯ್ಬೇಕು ಅಂತ ಹತ್ತೋಕೆ ಮುಂಚೆನೇ ಹೇಳ್ಬಿಟ್ರೆ ಆಮೇಲೆ ಜಗಳ ಇರಲ್ಲ. ಆದಷ್ಟು ಶನಿವಾರ, ಭಾನುವಾರ ಬಿಟ್ಟು ಬನ್ನಿ ಅಂತ ಕೈ ಮುಗಿದು ಕೇಳ್ತೀನಿ, ಆ ಎರಡು ದಿನ ದುಬಾರೆ ದೋಣಿ ಕ್ಯೂನಲ್ಲೇ ನಿಮ್ಮ ಬೆಳಗ್ಗೆ ಕಳೆದುಹೋಗುತ್ತೆ.

ಮೊದಲನೇ ದಿನ ಬೆಳಗ್ಗೆ ದುಬಾರೆ ಇಟ್ಕೊಳ್ಳಿ, ಬೇರೆ ಏನನ್ನೂ ಇಡ್ಬೇಡಿ. ಪೇಟೆಯಿಂದ ಸುಮಾರು 15 ಕಿಲೋಮೀಟರ್, ಮಡಿಕೇರಿ ರೋಡಲ್ಲಿ ಹೋಗಿ ಗುಡ್ಡೆಹೊಸೂರಲ್ಲಿ ಎಡಕ್ಕೆ ತಿರುಗಿ ನಂಜರಾಯಪಟ್ಟಣದ ಮೇಲೆ ಹೋಗೋದು. ಆನೆ ಕ್ಯಾಂಪ್ ಇರೋದು ಹೊಳೆ ಆಚೆ ದಡದಲ್ಲಿ, ಅರಣ್ಯ ಇಲಾಖೆ ನಡೆಸೋದು, ದೋಣಿಯಲ್ಲಿ ದಾಟ್ಬೇಕು. ನೀರು ಜಾಸ್ತಿ ಆದ ದಿನ ದೋಣಿ ನಿಲ್ಲಿಸ್ತಾರೆ, ಅವತ್ತು ಆಚೆ ಹೋಗೋಕೆ ಆಗಲ್ಲ, ಅದಕ್ಕೇ ಮಳೆಗಾಲದಲ್ಲಿ ಬರೋರು ಹೊರಡೋ ಮುಂಚೆ ಹೋಂಸ್ಟೇಯವರ ಹತ್ರ ಒಂದ್ಸಲ ವಿಚಾರಿಸ್ಕೊಳ್ಳಿ. ಬೇಸಿಗೇಲಿ ನೀರು ಇಳಿದಾಗ ಕೆಲವರು ಬಂಡೆ ಮೇಲೆ ಹೆಜ್ಜೆ ಇಟ್ಕೊಂಡು ದಾಟೋಕೆ ನೋಡ್ತಾರೆ, ದಯವಿಟ್ಟು ಬೇಡ, ಪಾಚಿ ಹಿಡಿದ ಬಂಡೆ ಜಾರುತ್ತೆ, ಎರಡು ಬಂಡೆ ಮಧ್ಯೆ ಎಷ್ಟು ಆಳ ಇದೆ ಅಂತ ಮೇಲಿಂದ ಗೊತ್ತಾಗಲ್ಲ.

ಆನೆಗಳ ಸ್ನಾನ, ಊಟ ಎಲ್ಲಾ ಬೆಳಗ್ಗೆ ಹೊತ್ತೇ, ಹತ್ತು ಹತ್ತೂವರೆಗೆ ಬಂದು ಏನೂ ಇಲ್ಲ ಅಂದ್ಕೊಂಡು ವಾಪಸ್ ಹೋಗೋರು ದಿನಾ ಇದ್ದಾರೆ, ಹಾಗಾಗಿ ಕೌಂಟರ್ ತೆಗೆಯೋ ಹೊತ್ತಿಗೆ ಅಲ್ಲಿರಿ. ಸ್ನಾನ ಮಾಡಿಸೋದು ನೋಡ್ವಾಗ ಸ್ವಲ್ಪ ಹೊತ್ತು ಫೋನ್ ಜೇಬಲ್ಲಿ ಇಟ್ಟು ಮಾವುತನ ಕೈ ಕಡೆ ನೋಡಿ. ಆನೆನ ನೀರಲ್ಲಿ ಒಂದು ಮಗ್ಗುಲಿಗೆ ಮಲಗಿಸಿ, ಕಿವಿ ಹಿಂದೆ, ಕಾಲಿನ ಸಂದಿ, ಉಗುರಿನ ಸುತ್ತ ಬ್ರಷ್ ಹಾಕಿ ತಿಕ್ತಾರೆ, ತಿಕ್ತಾ ತಿಕ್ತಾನೇ ಗಾಯ ಇದೆಯಾ, ಮುಳ್ಳು ಚುಚ್ಚಿದೆಯಾ ಅಂತ ಬೆರಳಲ್ಲಿ ಮುಟ್ಟಿ ನೋಡ್ತಾರೆ. ಆಮೇಲೆ ಇನ್ನೊಂದು ಮಗ್ಗುಲು, ಬಾಯಲ್ಲಿ ಒಂದು ಶಬ್ದ ಅಷ್ಟೇ, ಅಷ್ಟು ದೊಡ್ಡ ಪ್ರಾಣಿ ತಾನೇ ಹೊರಳುತ್ತೆ. ನಮಗೆ ಅದು ಶೋ ಥರ ಕಾಣುತ್ತೆ, ಅವರಿಗೆ ಅದು ದಿನದ ಆರೋಗ್ಯ ತಪಾಸಣೆ. ಇಲ್ಲಿ ಮಾವುತರು, ಅವರ ಸಹಾಯಕರಾದ ಕಾವಾಡಿಗಳು ಬಹಳಷ್ಟು ಜನ ಜೇನುಕುರುಬರು, ತಲೆತಲಾಂತರದಿಂದ ಆನೆ ಜೊತೆ ಇರೋ ಜನ. ಒಂದು ಆನೆಗೆ ಒಬ್ಬ ಮಾವುತ, ಒಬ್ಬ ಕಾವಾಡಿ ಇರ್ತಾರೆ, ಆನೆಗೆ ಹುಷಾರಿಲ್ಲ ಅಂದ್ರೆ ಅವರ ಮನೇಲೂ ಅವತ್ತು ಊಟ ಸರಿಯಾಗಿ ಆಗಲ್ಲ. ಮರ್ಯಾದೆಯಿಂದ ಅಣ್ಣಾ ಅಂತ ಮಾತಾಡ್ಸಿ, ಬಿಡುವಿದ್ರೆ ಎಷ್ಟೋ ವಿಷಯ ಹೇಳ್ತಾರೆ.

ಮೈಸೂರು ದಸರಾ ಮೆರವಣಿಗೆಗೆ ಹೋಗೋ ಆನೆಗಳಲ್ಲಿ ಎಷ್ಟೋ ಇಲ್ಲಿಂದಾನೇ ಹೋಗೋದು, ಧನಂಜಯ, ಗೋಪಿ, ಕಾವೇರಿ, ವಿಜಯ ಅಂತ ಟಿವಿಯಲ್ಲಿ ಹೆಸರು ಕೇಳಿರ್ತೀರಲ್ಲ, ಎಲ್ಲಾ ದುಬಾರೆ ಕ್ಯಾಂಪಿನವು. ಹಾಗಾಗಿ ದಸರಾ ಮುಂಚಿನ ವಾರಗಳಲ್ಲಿ ಬಂದ್ರೆ ದೊಡ್ಡ ದೊಡ್ಡ ಆನೆಗಳು ಮೈಸೂರಲ್ಲಿ ತಾಲೀಮು ಮಾಡ್ತಾ ಇರ್ತವೆ, ಇಲ್ಲಿ ಸಂಖ್ಯೆ ಕಮ್ಮಿ ಇರುತ್ತೆ, ಗೊತ್ತಿಟ್ಕೊಳ್ಳಿ. ಆನೆ ಹತ್ರ ಹೋಗೋಕೆ, ಮುಟ್ಟೋಕೆ, ತಿನ್ನಿಸೋಕೆ ಸಿಬ್ಬಂದಿ ಹೇಳಿದಷ್ಟೇ ಮಾಡಿ. ಬಿಸ್ಕತ್ತು, ಚಿಪ್ಸು ತಗೊಂಡು ಹೋಗ್ಲೇಬೇಡಿ, ಅವುಕ್ಕೆ ರಾಗಿ ಮುದ್ದೆ, ಬೆಲ್ಲ, ಹುರುಳಿ ಅಂತ ಅವುಗಳದ್ದೇ ಲೆಕ್ಕ ಇದೆ. ಹಿಂದಿನಿಂದ ಹೋಗಿ ಸೆಲ್ಫಿ ತೆಗೆಯೋದು, ಜೋರಾಗಿ ಕಿರುಚೋದು, ಫ್ಲ್ಯಾಶ್ ಹಾಕೋದು, ಇವು ಮೂರೂ ಬೇಡ.

ರಾಫ್ಟಿಂಗ್ ಇರೋದೂ ದುಬಾರೆಯಿಂದಾನೇ. ಮಳೆಗಾಲದಲ್ಲಿ ಸುಮಾರು 7 ಕಿಲೋಮೀಟರ್ ಉದ್ದಕ್ಕೆ ಕೆಳಗೆ ಇಳಿಯೋದು, ಹೊಸಬರಿಗೂ ಆಗೋ ಅಂಥ ನೀರು, ಜೋರು ಬೇಕು ಅನ್ನೋರು ದಕ್ಷಿಣ ಕೊಡಗಿನ ಬರಪೊಳೆ ಅನ್ನೋ ಹೊಳೆಗೆ ಹೋಗ್ತಾರೆ. ನೀರು ಮಟ್ಟ ನೋಡಿ ಅಧಿಕಾರಿಗಳು ನಿಲ್ಲಿಸ್ತಾರೆ, ಶುರು ಮಾಡ್ತಾರೆ, ನಿಲ್ಲಿಸಿದ ದಿನ ಯಾರಾದ್ರೂ ನಾವು ಕರ್ಕೊಂಡು ಹೋಗ್ತೀವಿ ಬನ್ನಿ ಅಂತ ಪಕ್ಕಕ್ಕೆ ಕರೆದ್ರೆ ಹೋಗ್ಬೇಡಿ. ಲೈಫ್ ಜಾಕೆಟ್ ವಿಷಯ ಸ್ವಲ್ಪ ಉದ್ದಕ್ಕೇ ಹೇಳ್ತೀನಿ ಯಾಕಂದ್ರೆ ನೂಕುನುಗ್ಗಲಲ್ಲಿ ಯಾರೂ ಸರಿಯಾಗಿ ಹಾಕ್ಕೊಳ್ಳಲ್ಲ. ಮೊದಲು ಬಕಲ್ ಎಲ್ಲಾ ಇದೆಯಾ, ಒಡೆದಿದೆಯಾ ನೋಡಿ, ಒಂದು ಬಕಲ್ ಇಲ್ದಿದ್ರೂ ಬೇರೆ ಜಾಕೆಟ್ ಕೇಳಿ. ಹಾಕ್ಕೊಂಡು ಕೆಳಗಿನ ಪಟ್ಟಿಯಿಂದ ಶುರು ಮಾಡಿ ಮೇಲಕ್ಕೆ ಬಿಗಿ ಮಾಡಿ. ಆಮೇಲೆ ಪಕ್ಕದವರಿಗೆ ನಿಮ್ಮ ಎರಡೂ ಭುಜದ ಹತ್ರ ಜಾಕೆಟ್ ಹಿಡಿದು ಮೇಲಕ್ಕೆ ಎಳೆಯೋಕೆ ಹೇಳಿ, ಅದು ಗಲ್ಲ ದಾಟಿ ಮೂಗಿನ ತನಕ ಬಂತು ಅಂದ್ರೆ ಸಡಿಲ ಇದೆ ಅಂತ, ಮತ್ತೆ ಬಿಗಿ ಮಾಡಿ ಮತ್ತೆ ಎಳೆಸಿ, ಅಲ್ಲಾಡ್ದೆ ಕೂತ್ರೆ ಸರಿ. ಹೆಲ್ಮೆಟ್ ಪಟ್ಟಿನೂ ಹಾಗೇ. ಬೋಟಿಂದ ಬಿದ್ರೆ ಎದ್ದು ನಿಲ್ಲೋಕೆ ಹೋಗ್ಬೇಡಿ, ಕಾಲು ಬಂಡೆ ಸಂದಿಗೆ ಸಿಕ್ಕಿಹಾಕ್ಕೊಂಡ್ರೆ ನೀರು ಮೇಲಿಂದ ತಳ್ಳುತ್ತೆ. ಅಂಗಾತ ಮಲಗಿ, ಕಾಲು ನೀರು ಹೋಗೋ ದಿಕ್ಕಿಗೆ ಚಾಚಿ ತೇಲ್ತಾ ಇರಿ, ಗೈಡ್ ಬಂದು ಎಳ್ಕೊಳ್ತಾನೆ. ಕನ್ನಡಕ ಇದ್ರೆ ದಾರ ಕಟ್ಕೊಳ್ಳಿ, ಚಿನ್ನ, ಫೋನ್ ರೂಮಲ್ಲೇ ಬಿಟ್ಟು ಬನ್ನಿ.

ವಾಪಸ್ ಬರ್ತಾ ನಂಜರಾಯಪಟ್ಟಣದಲ್ಲಿ ಗಾಡಿ ಸ್ವಲ್ಪ ನಿಧಾನ ಮಾಡಿ. ಈಗ ಅದು ಸಣ್ಣ ಹಳ್ಳಿ, ರಸ್ತೆ ಪಕ್ಕ ನಾಲ್ಕು ಅಂಗಡಿ. ಆದ್ರೆ ಹದಿನಾರನೇ ಶತಮಾನದಲ್ಲಿ ಇದು ಚೆಂಗಾಳ್ವರ ರಾಜಧಾನಿ ಆಗಿತ್ತು, ನಂಜರಾಜ ಅನ್ನೋ ಚೆಂಗಾಳ್ವ ದೊರೆ ಕಟ್ಟಿಸಿದ ಪಟ್ಟಣ. ಅದೇ ವಂಶದ ಪಿರಿಯರಾಜ ಹೊಳೆ ಆಚೆ ಕೋಟೆ ಗಟ್ಟಿ ಮಾಡಿಸಿದ ಊರೇ ಪಿರಿಯಾಪಟ್ಟಣ. ಅಂದ್ರೆ ನೋಡಿ, ಹಾಲೇರಿ ಅರಸರು ಮಡಿಕೇರಿಯಿಂದ ಕೊಡಗು ಆಳೋಕೆ ಶುರು ಮಾಡೋ ಮುಂಚೆ ಈ ಹೊಳೆಯ ಎರಡೂ ದಂಡೆ ಒಂದೇ ಮನೆತನದ ಕೈಯಲ್ಲಿತ್ತು. ಕೊಡಗಿನ ಚರಿತ್ರೆ ಅಂದ್ರೆ ಎಲ್ಲರೂ ಮಡಿಕೇರಿ ಕೋಟೆಯಿಂದ ಶುರು ಮಾಡ್ತಾರೆ, ನನಗೆ ಇದು ಬೇಜಾರು, ದಿನಾ ಸಾವಿರಾರು ಜನ ಆನೆ ನೋಡೋಕೆ ಈ ಹಳ್ಳಿ ಮೇಲೇ ಹೋಗ್ತಾರೆ, ಒಂದು ಬೋರ್ಡ್ ನೆಟ್ಟು ನಾಲ್ಕು ಸಾಲು ಬರೆದ್ರೆ ಎಷ್ಟು ಚೆನ್ನಾಗಿರುತ್ತೆ.

ಮಧ್ಯಾಹ್ನ ಊಟ ಆದ್ಮೇಲೆ ನಿಸರ್ಗಧಾಮ. ಪೇಟೆಯಿಂದ ಮೂರು ಕಿಲೋಮೀಟರ್ ಒಳಗೆ, ಮಡಿಕೇರಿ ರೋಡಲ್ಲೇ. ಕಾವೇರಿ ಎರಡಾಗಿ ಒಡೆದು ಮಧ್ಯದಲ್ಲಿ ಉಳಿದಿರೋ ದ್ವೀಪ, ತೂಗುಸೇತುವೆ ಮೇಲೆ ದಾಟಿ ಹೋಗೋದು. ಒಳಗೆ ಬಿದಿರು ಮೆಳೆ, ಜಿಂಕೆ, ಮಕ್ಕಳಿಗೆ ಆಟ, ಮರದ ಮೇಲಿನ ಮನೆ. ಗೇಟ್ ಹತ್ರ ಅಂಗಡಿ ಸಾಲು, ಗಲಾಟೆ ಎಲ್ಲಾ ಇರುತ್ತೆ, ಅದನ್ನ ನೋಡಿ ಬೇಸರ ಪಟ್ಕೊಂಡು ವಾಪಸ್ ಹೋಗ್ಬೇಡಿ, ಸೇತುವೆ ದಾಟಿದ ಮೇಲೆ ಜನ ಎಲ್ಲಾ ಜಿಂಕೆ ಕಡೆ ಹೋಗ್ತಾರೆ, ನೀವು ದ್ವೀಪದ ಅಂಚು ಹಿಡ್ಕೊಂಡು ನಡೀರಿ, ಬಿದಿರು ಒಂದಕ್ಕೊಂದು ಉಜ್ಜೋ ಶಬ್ದ, ನೀರಿನ ಶಬ್ದ ಬಿಟ್ರೆ ಬೇರೆ ಏನೂ ಇರಲ್ಲ. ಬಿದಿರಿಗೆ ಹೆಸರು ಕೆತ್ತೋರು ಇದ್ದಾರೆ, ಹಾಗೆ ಮಾಡೋರು ನಿಮ್ಮ ಗುಂಪಲ್ಲಿದ್ರೆ ತಡೀರಿ. ಪ್ರವಾಹ ಬಂದಾಗ ಇದನ್ನ ಮುಚ್ತಾರೆ.

ಇನ್ನು ಹೊಳೆಗೆ ಇಳಿಯೋ ವಿಷಯ. ಈ ಊರಿಗೆ ಬರೋರು ಇದೊಂದು ಭಾಗ ಓದಿದ್ರೂ ಸಾಕು. ಪ್ರತಿ ವರ್ಷ ಹೊರಗಿನಿಂದ ಬಂದ ಹುಡುಗರು ಇಲ್ಲಿ ಮುಳುಗಿ ಸಾಯ್ತಾರೆ, ಅದರಲ್ಲಿ ಈಜು ಬರೋರೂ ಇರ್ತಾರೆ. ಕಾವೇರಿ ಇಲ್ಲಿ ಮೇಲೆ ನಿಂತ ನೀರಿನ ಹಾಗೆ ಕಾಣುತ್ತೆ, ಕೆಳಗೆ ಬಂಡೆ ಮಧ್ಯೆ ಗುಂಡಿ, ಸುಳಿ ಇರ್ತವೆ, ಮೊಣಕಾಲುದ್ದ ನೀರಿಂದ ಮುಂದಿನ ಹೆಜ್ಜೆಗೆ ಆಳು ಮುಳುಗೋ ಆಳ ಬರುತ್ತೆ. ಬೋರ್ಡ್ ಹಾಕಿರೋ ಜಾಗದಲ್ಲಿ ಇಳೀಲೇಬೇಡಿ, ಊರೋರು ಬಟ್ಟೆ ಒಗೆಯೋ, ಸ್ನಾನ ಮಾಡೋ ಮೆಟ್ಟಿಲು ಇರೋ ಕಡೆ ಮಾತ್ರ, ಅದೂ ಅಲ್ಲಿ ಯಾರಾದ್ರೂ ಊರೋರು ಇದ್ದಾಗ ಕೇಳಿ, ಮೆಟ್ಟಿಲ ಮೇಲೇ ಕೂತು ಕಾಲು ಬಿಡಿ. ನೀರು ನೋಡೋದು ಹೇಗೆ ಅಂದ್ರೆ, ಕೂತ ತಕ್ಷಣ ಒಂದು ಬಂಡೆ ಅಥವಾ ಮೆಟ್ಟಿಲ ಗುರುತು ಇಟ್ಕೊಳ್ಳಿ, ಐದು ಹತ್ತು ನಿಮಿಷಕ್ಕೊಂದ್ಸಲ ಅದನ್ನ ನೋಡ್ತಾ ಇರಿ. ಅದು ಮುಚ್ತಾ ಬಂತು, ತಿಳಿ ನೀರು ಕೆಂಪಾಗ್ತಾ ಬಂತು, ಕಸಕಡ್ಡಿ, ಎಲೆ, ನೊರೆ ತೇಲಿ ಬರೋಕೆ ಶುರು ಆಯ್ತು ಅಂದ್ರೆ ಮೇಲ್ಗಡೆ ಮಳೆ ಆಗಿದೆ ಅಂತ ಅರ್ಥ, ಆಗ ಯೋಚನೆ ಮಾಡ್ತಾ ಕೂರ್ಬೇಡಿ, ಎಲ್ಲರನ್ನೂ ಎಬ್ಬಿಸಿ ದಂಡೆ ಮೇಲೆ ಬನ್ನಿ. ಕುಡಿದು ಹೊಳೆ ಹತ್ರ ಹೋಗೋದಂತೂ ಬೇಡವೇ ಬೇಡ. ಯಾರಾದ್ರೂ ಬಿದ್ರೆ ಹಿಂದೇನೇ ಹಾರ್ಬೇಡಿ, ಒಬ್ಬನ ಹಿಂದೆ ಇನ್ನೊಬ್ಬ ಹೋಗಿ ಇಬ್ಬರೂ ಹೋಗೋದೇ ಜಾಸ್ತಿ, ಉದ್ದದ ಕೋಲು, ಹಗ್ಗ, ಕೊನೆಗೆ ಸೀರೆ, ಪಂಚೆ ಏನಾದ್ರೂ ಎಸೀರಿ, 112ಕ್ಕೆ ಫೋನ್ ಮಾಡಿ, ಊರೋರನ್ನ ಕೂಗಿ.

ಸಂಜೆ ಪೇಟೆಗೆ ಬಂದ್ಬಿಡಿ. ಹುಣ್ಣಿಮೆ ದಿನ ಇಲ್ಲಿದ್ರೆ ಹೊಳೆ ದಂಡೇಲಿ ಕಾವೇರಿಗೆ ಆರತಿ ಮಾಡ್ತಾರೆ, ಹೊಳೆ ಸ್ವಚ್ಛ ಇಡ್ಬೇಕು ಅಂತ ಓಡಾಡೋ ಸ್ಥಳೀಯರು ಸೇರಿ ನಡೆಸ್ಕೊಂಡು ಬಂದಿರೋದು. ಹೋದ್ರೆ ಪ್ಲಾಸ್ಟಿಕ್ ಕವರಲ್ಲಿ ಹೂವು ತಗೊಂಡು ಹೋಗಿ ಕವರ್ ಸಮೇತ ಬಿಡೋದು ಮಾಡ್ಬೇಡಿ. ಕಾರ್ತಿಕ ಮಾಸದಲ್ಲಿ, ಅಂದ್ರೆ ನವೆಂಬರ್ ಹೊತ್ತಿಗೆ, ಪೇಟೆಯ ಗಣಪತಿ ದೇವಸ್ಥಾನದ ರಥೋತ್ಸವ, ಅದರ ಜೊತೆ ಜಾತ್ರೆ. ಆ ದಿನಗಳಲ್ಲಿ ಬಂದ್ರೆ ರೂಮ್ ಸಿಗೋದು ಕಷ್ಟ ಆದ್ರೂ ಸುತ್ತಮುತ್ತಲ ಹಳ್ಳಿಯೋರೆಲ್ಲಾ ಒಂದೇ ಕಡೆ ಸಿಗ್ತಾರೆ.

ಎರಡನೇ ದಿನ ಹೊಳೆ ಜೊತೆ ಕೆಳಗೆ ಹೋಗಿ. ಬಾಡಿಗೆಗೋ, ಹೋಂಸ್ಟೇಯಲ್ಲೋ ಸೈಕಲ್ ಸಿಕ್ರೆ ಈ ದಾರಿಗೆ ಅದೇ ಬೆಸ್ಟು, ಯಾಕಂದ್ರೆ ಕೊಡಗಲ್ಲಿ ಏರಿಳಿತ ಕಮ್ಮಿ ಇರೋ ದಾರಿ ಸಿಗೋದೇ ಅಪರೂಪ. ಕುಶಾಲನಗರದಿಂದ ಕೂಡಿಗೆ, ಅಲ್ಲಿಂದ ಹೆಬ್ಬಾಲೆ ಕಡೆ ಹೋಗ್ತಾ ಕಣಿವೆ. ಇಲ್ಲಿ ಕಾಫಿ ತೋಟ ಕಾಣಲ್ಲ, ಗದ್ದೆ, ಜೋಳ, ಶುಂಠಿ, ಬಯಲುಸೀಮೆ ಶುರು ಆಗ್ತಾ ಇರೋ ಥರ ಇರುತ್ತೆ, ಕೊಡಗು ಅಂದ್ರೆ ಬರೀ ಬೆಟ್ಟ, ಮಂಜು ಅಂದ್ಕೊಂಡಿರೋರು ಇದನ್ನ ನೋಡ್ಲೇಬೇಕು. ಕೂಡಿಗೇಲಿ ಹಾರಂಗಿ ಬಂದು ಕಾವೇರಿಗೆ ಸೇರೋ ಜಾಗ, ಮಳೆಗಾಲದಲ್ಲಿ ಎರಡು ಹೊಳೆ ನೀರಿನ ಬಣ್ಣ ಬೇರೆ ಬೇರೆ ಇದ್ರೆ ಸ್ವಲ್ಪ ದೂರ ಹಾಗೇ ಪಕ್ಕಪಕ್ಕ ಹರಿಯೋದು ಕಾಣುತ್ತೆ. ಕಣಿವೇಲಿ ರಾಮಲಿಂಗೇಶ್ವರ ದೇವಸ್ಥಾನ ಹೊಳೆ ದಂಡೆ ಮೇಲೇ ಇದೆ, ಅಲ್ಲೇ ಒಂದು ತೂಗುಸೇತುವೆ, ಈ ಕಡೆ ಕೊಡಗು, ಆ ಕಡೆ ಮೈಸೂರು ಜಿಲ್ಲೆ. ಇದು ಟೂರಿಸ್ಟುಗಳಿಗೆ ಅಂತ ಕಟ್ಟಿದ್ದಲ್ಲ, ಊರೋರು ದಿನಾ ಓಡಾಡೋ ದಾರಿ, ಎದುರಿಂದ ತಲೆ ಮೇಲೆ ಹೊರೆ ಹೊತ್ಕೊಂಡು ಬರೋರಿದ್ರೆ ನೀವು ಪಕ್ಕಕ್ಕೆ ನಿಂತು ಜಾಗ ಬಿಡಿ, ಮಧ್ಯದಲ್ಲಿ ನಿಂತು ಅಲ್ಲಾಡಿಸೋ ಆಟ ಬೇಡ. ಬೆಳಗ್ಗೆ ಎಂಟರ ಒಳಗೆ ಹೋದ್ರೆ ಸೇತುವೆ ಮಧ್ಯದಿಂದ ಹೊಳೆ ಎರಡೂ ಕಡೆಗೆ ಉದ್ದಕ್ಕೆ ಕಾಣುತ್ತೆ, ನೀರುಕಾಗೆ, ಮಿಂಚುಳ್ಳಿ ಧಾರಾಳ.

ಹಾರಂಗಿ ಡ್ಯಾಮ್ ಪೇಟೆಯಿಂದ ಹತ್ತು ಕಿಲೋಮೀಟರ್ ಒಳಗೆ, ಸುಮಾರು 47 ಮೀಟರ್ ಎತ್ತರ, 846 ಮೀಟರ್ ಉದ್ದ, ಕಾಲುವೆ ನೀರು ಹೋಗೋದು ಹೆಚ್ಚಾಗಿ ಹೊಳೆ ಆಚೆಯ ಬಯಲು ತಾಲ್ಲೂಕುಗಳ ಗದ್ದೆಗೆ. ಜುಲೈ, ಆಗಸ್ಟ್‌ನಲ್ಲಿ ಗೇಟ್ ತೆಗೆದಿದ್ರೆ ಹೋಗಿ, ಇಲ್ದಿದ್ರೆ ಬಿಟ್ರೂ ನಷ್ಟ ಇಲ್ಲ. ಅದಕ್ಕಿಂತ ನನಗೆ ಚಿಕ್ಲಿಹೊಳೆ ಇಷ್ಟ, ಸಣ್ಣ ಜಲಾಶಯ, ತುಂಬಿದಾಗ ಅರ್ಧಚಂದ್ರದ ಆಕಾರದ ಕಟ್ಟೆ ಮೇಲಿಂದ ನೀರು ಸುತ್ತಲೂ ಒಳಗೆ ಸುರಿಯುತ್ತೆ. ಆ ಕಟ್ಟೆ ಹತ್ತಿ ನಡೆಯೋ ಸಾಹಸ ಯಾರೂ ಮಾಡ್ಬೇಡಿ, ದೂರದಿಂದಾನೇ ಚಂದ.

ಎರಡನೇ ದಿನ ಮಧ್ಯಾಹ್ನದಿಂದ ಸಂಜೆ ತನಕ ಬೈಲಕುಪ್ಪೆಗೆ ಇಡಿ, ಅರ್ಧ ಗಂಟೆ ಅಲ್ಲ, ಅರ್ಧ ದಿನ. ಊರೋರು ಇದಕ್ಕೆ ಬರೀ ಕ್ಯಾಂಪ್ ಅಂತಾರೆ, ಆಟೋದವರಿಗೂ ಹಾಗೇ ಹೇಳಿ, ಆರು ಕಿಲೋಮೀಟರ್ ಅಷ್ಟೇ. ಟಿಬೆಟ್ ಬಿಟ್ಟು ಬಂದ ಜನಕ್ಕೆ ಆಗಿನ ಮೈಸೂರು ಸರ್ಕಾರ ಜಾಗ ಕೊಟ್ಟು 1961ರಲ್ಲಿ ಶುರುವಾದ ನೆಲೆ, ಆಗ ಇದು ಕಾಡು, ಕಾಡು ಕಡಿದು ಜೋಳ ಬೆಳೆದು ಬದುಕು ಕಟ್ಕೊಂಡ ಜನ ಅವರು. ಇವತ್ತಿಗೂ ಚಳಿಗಾಲ ಬಂದ್ರೆ ಸ್ವೆಟರ್ ಮಾರೋಕೆ ದೂರದ ಊರುಗಳಿಗೆ ಹೋಗೋ ಕುಟುಂಬಗಳಿವೆ. ನಾವು ಗೋಲ್ಡನ್ ಟೆಂಪಲ್ ಅನ್ನೋದು ನಾಮ್‌ಡ್ರೋಲಿಂಗ್ ಮಠದ ಒಳಗಿನ ಪದ್ಮಸಂಭವ ವಿಹಾರ. ಮಠ 1963ರಲ್ಲಿ ಪೆನೋರ್ ರಿಂಪೋಚೆ ಅವರು ಶುರು ಮಾಡಿದ್ದು, ಚಿನ್ನದ ಬಣ್ಣದ ಮೂರು ದೊಡ್ಡ ಮೂರ್ತಿಗಳಿರೋ ಈ ವಿಹಾರ 1999ರಲ್ಲಿ ತೆರೆದಿದ್ದು. ಮಧ್ಯದಲ್ಲಿ 60 ಅಡಿ ಬುದ್ಧ, ಅಕ್ಕಪಕ್ಕ ಗುರು ಪದ್ಮಸಂಭವ ಮತ್ತೆ ಅಮಿತಾಯುಸ್, ಅವು 58 ಅಡಿ. ಒಳಗೆ ಹೋದ ತಕ್ಷಣ ಎಲ್ಲರೂ ಮೂರ್ತಿ ಫೋಟೋ ತೆಗೆದು ಹೊರಗೆ ಬರ್ತಾರೆ, ನೀವು ಗೋಡೆ ಹತ್ರ ಕೂತ್ಕೊಳ್ಳಿ, ಗೋಡೆ ಪೂರ್ತಿ ಚಿತ್ರ ಇದೆ, ಒಂದೊಂದು ಮುಖದ ಕಣ್ಣು, ಬೆರಳು, ಮೋಡದ ಅಂಚು ಅಷ್ಟು ಸೂಕ್ಷ್ಮವಾಗಿ ಬರೆದಿದ್ದಾರೆ. ಪ್ರಾರ್ಥನೆ ನಡೀತಾ ಇದ್ರೆ ದೊಡ್ಡ ಡೋಲು, ಉದ್ದ ಕಹಳೆ ಶಬ್ದ ಎದೆಗೇ ತಾಗುತ್ತೆ, ಆಗ ಮಾತಾಡ್ಬೇಡಿ, ಫೋನ್ ಸೈಲೆಂಟ್ ಮಾಡಿ, ಭಿಕ್ಷುಗಳ ಮುಖಕ್ಕೆ ಕ್ಯಾಮೆರಾ ಹಿಡೀಬೇಡಿ. ಪ್ರಾರ್ಥನಾ ಚಕ್ರ ತಿರುಗಿಸೋದು, ಸುತ್ತೋದು ಎಲ್ಲಾ ನಮ್ಮ ದೇವಸ್ಥಾನದ ಪ್ರದಕ್ಷಿಣೆ ದಿಕ್ಕಲ್ಲೇ. ಚಡ್ಡಿ, ತೋಳಿಲ್ಲದ ಬಟ್ಟೆ ಬೇಡ, ಅದು ಮಕ್ಕಳು ಓದೋ, ಪೂಜೆ ನಡೆಯೋ ಜಾಗ. ಸಮಯ ಇದ್ರೆ ಸೆರಾ ಮಠದ ಕಡೆ ಹೋಗಿ, ಅಲ್ಲಿ ಭಿಕ್ಷುಗಳು ವಾದ ಮಾಡೋ ಅಭ್ಯಾಸ ನೋಡೋಕೆ ಸಿಕ್ರೆ ಅದೃಷ್ಟ, ಒಬ್ಬರು ಕೂತಿರ್ತಾರೆ, ಇನ್ನೊಬ್ಬರು ನಿಂತು ಪ್ರಶ್ನೆ ಕೇಳಿ ಕಾಲು ನೆಲಕ್ಕೆ ಅಪ್ಪಳಿಸಿ ಚಪ್ಪಾಳೆ ಹೊಡೀತಾರೆ, ಜಗಳ ಅಂದ್ಕೋಬೇಡಿ, ಅದು ಅವರ ಓದು. ಸುಮಾರು ಫೆಬ್ರವರಿ, ಮಾರ್ಚ್‌ನಲ್ಲಿ ಲೋಸಾರ್ ಅಂತ ಅವರ ಹೊಸ ವರ್ಷ, ಆಗ ಕ್ಯಾಂಪ್ ಪೂರ್ತಿ ಬಣ್ಣದ ಬಾವುಟ. ವಿದೇಶಿ ಸ್ನೇಹಿತರನ್ನ ಕರ್ಕೊಂಡು ಬಂದು ಕ್ಯಾಂಪಲ್ಲೇ ಉಳಿಸೋದಾದ್ರೆ ಅವರಿಗೆ ಸರ್ಕಾರದ ಪರ್ಮಿಟ್ ಬೇಕು, ಅದಕ್ಕೆ ಮೊದಲೇ ಅರ್ಜಿ ಹಾಕ್ಬೇಕು.

ಚರಿತ್ರೆ ಇಷ್ಟ ಇರೋರಿಗೆ ಇನ್ನೊಂದು ಅರ್ಧ ದಿನ ಸೇರಿಸ್ಕೊಳ್ಳಿ ಅಂತೀನಿ. ಕುಶಾಲನಗರದ ಹಳೇ ಹೆಸರು ಫ್ರೇಸರ್‌ಪೇಟೆ. 1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೈನ್ಯ ಕೊಡಗಿಗೆ ನುಗ್ಗಿ ಕೊನೇ ರಾಜ ಚಿಕ್ಕವೀರರಾಜೇಂದ್ರನನ್ನ ಇಳಿಸಿದಾಗ ಕೊಡಗಿನ ವ್ಯವಹಾರ ನೋಡ್ಕೊಂಡ ಕರ್ನಲ್ ಫ್ರೇಸರ್ ಹೆಸರದು, ಹಳೇ ದಾಖಲೆಗಳಲ್ಲಿ ಈಗಲೂ ಸಿಗುತ್ತೆ. ಆ ರಾಜ ಆಮೇಲೆ ಕಾಶಿ, ಅಲ್ಲಿಂದ ಇಂಗ್ಲೆಂಡಿಗೆ ಹೋಗಿ 1859ರಲ್ಲಿ ಲಂಡನ್ನಲ್ಲೇ ತೀರ್ಕೊಂಡ. ಈ ಕಥೆಯ ಮುಂಚಿನ ಭಾಗ ನೋಡ್ಬೇಕು ಅಂದ್ರೆ ಮೈಸೂರು ರೋಡಲ್ಲಿ 20 ಕಿಲೋಮೀಟರ್ ಹೋಗಿ ಪಿರಿಯಾಪಟ್ಟಣದ ಕೋಟೆ ಅವಶೇಷ ನೋಡಿ. ಟಿಪ್ಪು ಕಾಲದಲ್ಲಿ ಕೊಡಗಿನ ಹಾಲೇರಿ ಅರಸ ದೊಡ್ಡವೀರರಾಜೇಂದ್ರನನ್ನ ಮನೆಯವರ ಸಮೇತ ಸೆರೆ ಇಟ್ಟಿದ್ದು ಅಲ್ಲೇ, 1788ರಲ್ಲಿ ತಪ್ಪಿಸ್ಕೊಂಡು ಕೊಡಗಿಗೆ ಬಂದು ಜನ ಸೇರಿಸಿ ನಾಡು ವಾಪಸ್ ತಗೊಂಡ. ಈಗ ಅಲ್ಲಿ ಗಿಡಗಂಟಿ ಬೆಳೆದಿದೆ, ಹಾವು ಗೀವು ಇರ್ಬೋದು, ಶೂ ಹಾಕ್ಕೊಂಡು ಹಗಲು ಹೊತ್ತು ಹೋಗಿ.

ಅಲ್ಲಿಂದ ಅದೇ ಕಥೆ ಹಿಡ್ಕೊಂಡು ಮಡಿಕೇರಿಗೆ ಹೋದ್ರೆ ಕೋಟೆ ಬೇರೆ ಥರಾನೇ ಕಾಣುತ್ತೆ. 1681ರಲ್ಲಿ ಹಾಲೇರಿ ಅರಸ ಮುದ್ದುರಾಜ ಮಣ್ಣಲ್ಲಿ ಕಟ್ಟಿಸಿದ್ದು, ಟಿಪ್ಪು ಕಲ್ಲಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟಿದ್ದು, ಒಳಗಿನ ಅರಮನೆ 1812ರಿಂದ 1814ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ಮಕ್ಕಳು ಅಂಗಳದ ಗಾರೆ ಆನೆ ಹತ್ರ ನಿಂತ್ಕೊಳ್ತಾರೆ, ದೊಡ್ಡೋರು ಹಳೇ ಚರ್ಚ್ ಒಳಗಿರೋ ಮ್ಯೂಸಿಯಂ ನೋಡಿ. ಆದ್ರೆ ಒಂದೇ ಜಾಗ ನೋಡೋಕೆ ಟೈಮ್ ಇದೆ ಅಂದ್ರೆ ಕೋಟೆ ಬಿಟ್ಟು ಗದ್ದುಗೆಗೆ, ಅಂದ್ರೆ ಅರಸರ ಸಮಾಧಿಗಳಿಗೆ ಹೋಗಿ. ದೊಡ್ಡವೀರರಾಜೇಂದ್ರ, ಅವನ ರಾಣಿ, ಲಿಂಗರಾಜೇಂದ್ರ ಎಲ್ಲರ ಸಮಾಧಿ ಅಲ್ಲಿದೆ, ಗುಮ್ಮಟ ಮುಸ್ಲಿಂ ಶೈಲಿ, ಒಳಗೆ ಮಲಗಿರೋರು ಲಿಂಗಾಯತ ಅರಸರು. ಪಕ್ಕದಲ್ಲೇ ಟಿಪ್ಪು ಸೈನ್ಯದ ವಿರುದ್ಧ ಹೋರಾಡಿ ಸತ್ತ ಬಿದ್ದಂಡ ಬೋಪು ಮತ್ತೆ ಅವರ ಮಗ ಸೋಮಯ್ಯನವರ ಸಮಾಧಿನೂ ಇದೆ, ರಾಜರ ಪಕ್ಕ ದಂಡನಾಯಕರಿಗೆ ಜಾಗ ಕೊಟ್ಟಿದ್ದಾರೆ, ನನಗೆ ಕೊಡಗಲ್ಲಿ ಇದಕ್ಕಿಂತ ಗೌರವದ ಜಾಗ ಬೇರೆ ಇಲ್ಲ.

ಮಡಿಕೇರಿಗೆ ಹೋಗೋ ದಾರೀಲಿ ಗುಡ್ಡೆಹೊಸೂರು ದಾಟಿದ ಮೇಲೆ ಸುಂಟಿಕೊಪ್ಪ ತನಕ ಆನೆಕಾಡು. ಬೆಳಗ್ಗೆ ಬೇಗ, ಕತ್ತಲಾದ ಮೇಲೆ ಕಾಡಾನೆ ರಸ್ತೆ ದಾಟ್ತಾವೆ. ಕಂಡ್ರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಬೇಡ, ಇಳಿದು ವೀಡಿಯೋ ಮಾಡೋದು ಬೇಡ, ದಾಟಿದ ಮೇಲೂ ಸ್ವಲ್ಪ ಕಾಯಿರಿ, ಹಿಂದೆ ಮರಿ ಇರ್ಬೋದು. ಬೈಕಲ್ಲಿ ಬರೋರು ರಾತ್ರಿ ಈ ದಾರಿ ಬಿಟ್ಬಿಡಿ. ಮಳೆಗಾಲದಲ್ಲಿ ತೋಟ, ಕಾಡಂಚಲ್ಲಿ ನಡೆಯೋರಿಗೆ ಜಿಗಣೆ ಕಾಟ, ಸಣ್ಣ ಬಟ್ಟೇಲಿ ಉಪ್ಪು ಗಂಟು ಕಟ್ಟಿ ಇಟ್ಕೊಳ್ಳಿ, ಕಚ್ಚಿದ್ದನ್ನ ಕಿತ್ತು ಎಳೀಬೇಡಿ, ಉಪ್ಪು ತಾಗಿಸಿದ್ರೆ ತಾನೇ ಬಿಡುತ್ತೆ.

ಊಟದ ವಿಷಯಕ್ಕೆ ಬಂದ್ರೆ, ಮಾಂಸ ತಿನ್ನೋರು ಕಡಂಬುಟ್ಟು (ಅಕ್ಕಿ ಉಂಡೆ), ಪಂದಿ ಕರಿ (ಹಂದಿ ಮಾಂಸದ ಸಾರು) ತಿನ್ನದೆ ಹೋಗ್ಬೇಡಿ, ಕಾಚಂಪುಳಿ ಅನ್ನೋ ಕೊಡಗಿನ ಕಪ್ಪು ಹುಳಿ ಹಾಕಿ ಮಾಡಿದ್ದಾ ಅಂತ ಕೇಳಿ, ಕಪ್ಪಗೆ ಹುಳಿ ಖಾರ ಹಿಡಿದಿದ್ರೆ ಅದೇ ಸರಿಯಾದ ರುಚಿ. ತಿನ್ನದೋರಿಗೆ ನೂಪುಟ್ಟು (ಅಕ್ಕಿ ಶ್ಯಾವಿಗೆ), ಅಕ್ಕಿ ರೊಟ್ಟಿ, ಮಳೆಗಾಲದಲ್ಲಿ ಕಳಲೆ (ಎಳೆ ಬಿದಿರು) ಪಲ್ಯ ಇದೆ. ಆಗಸ್ಟ್ ಮೊದಲ ವಾರ ಕಕ್ಕಡ ಹದಿನೆಂಟರ ದಿನ (ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ) ಕೊಡಗಿನ ಮನೆಯಲ್ಲಿ ಉಳಿದಿದ್ರೆ ಮದ್ದು ಸೊಪ್ಪಿನ ಪಾಯಸ ಕೊಡ್ತಾರೆ, ಕಡು ನೇರಳೆ ಬಣ್ಣ, ಒಳ್ಳೇ ಘಮ. ಬೈಲಕುಪ್ಪೆ ಕ್ಯಾಂಪಲ್ಲಿ ತುಕ್ಪಾ ಅನ್ನೋ ನೂಡಲ್ಸ್ ಸೂಪು, ಮೊಮೊ. ಕಾಫಿಪುಡಿ, ಕರಿಮೆಣಸು, ಜೇನು ತಗೊಳ್ಳೋದಾದ್ರೆ ಪ್ರವಾಸಿ ಜಾಗದ ಗೇಟ್ ಎದುರು ತಗೋಬೇಡಿ, ಪೇಟೇಲಿ ಊರೋರು ಹೋಗೋ ಅಂಗಡಿ ಯಾವುದು ಅಂತ ಹೋಂಸ್ಟೇಯವರನ್ನ ಕೇಳಿ. ಮೆಣಸನ್ನ ಎರಡು ಕಾಳು ಬಾಯಿಗೆ ಹಾಕಿ ನೋಡಿ, ಪೊಳ್ಳಾಗಿದ್ರೆ ಅಲ್ಲೇ ಗೊತ್ತಾಗುತ್ತೆ. ಕಾಫಿಪುಡಿಗೆ ಚಿಕೋರಿ ಎಷ್ಟು ಹಾಕ್ಬೇಕು ಅಂತ ನೀವೇ ಹೇಳಿ, ಕಣ್ಣೆದುರು ಬೀಸಿಸ್ಕೊಂಡು ಬಿಸಿ ಆರಿದ ಮೇಲೆ ಕಟ್ಟಿಸ್ಕೊಳ್ಳಿ.

ಭಾನುವಾರ ವಾಪಸ್ ಹೋಗೋರು ಮಧ್ಯಾಹ್ನ ಮೂರರ ಒಳಗೆ ಹೊರಟ್ಬಿಡಿ, ಸಂಜೆ ಆದ್ರೆ ಕೊಪ್ಪ ಸೇತುವೆಯಿಂದಾನೇ ಗಾಡಿ ಸಾಲು ಶುರುವಾಗುತ್ತೆ. ಖಾಲಿ ಬಾಟಲಿ, ಕವರು ಎಲ್ಲಾ ಗಾಡೀಲೇ ಒಂದು ಚೀಲದಲ್ಲಿ ಇಟ್ಕೊಂಡು ಹೋಗಿ, ಹೊಳೆ ದಂಡೇಲಿ ಬಿಟ್ರೆ ಮುಂದಿನ ಮಳೆಗೆ ಅದು ಕೃಷ್ಣರಾಜಸಾಗರಕ್ಕೆ, ಅಲ್ಲಿಂದ ನಿಮ್ಮ ಮನೆ ನಲ್ಲಿಗೆ ಬರೋ ನೀರಿಗೇ ಸೇರೋದು.